ಅಲರ್ಟ್, ಜಿಟಿಟಿ, ನೋಟ್‌ಬುಕ್: ಟ್ರೇಡಿಂಗ್ ನಿಯಮ ಪಾಲಿಸಲು ಯಾವುದು ವಾಸಿ?

ನನ್ನ ನಿಯಮ ಬಹಳ ಸರಳ. ನಿಫ್ಟಿ 200ರ (ಎನ್‌ಎಸ್‌ಇಯ 200 ದೊಡ್ಡ ಕಂಪನಿಗಳ ಪಟ್ಟಿ) ಷೇರು ಶುಕ್ರವಾರದ ಮುಕ್ತಾಯಕ್ಕೆ ತನ್ನ ಕಳೆದ 40 ವಾರಗಳ ಬೆಲೆಯ ಸರಾಸರಿಯನ್ನು ದಾಟಿ ಮೇಲಿದ್ದರೆ ಕೊಳ್ಳುವುದು, ಕೆಳಗಿಳಿದಿದ್ದರೆ ಮಾರುವುದು. ಕಷ್ಟ ಇರುವುದು ಪಾಲಿಸುವುದರಲ್ಲಿ. ಚಿಕ್ಕಮಗಳೂರಿನ ಕಾಫಿ ಬೆಳೆಗಾರರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. "ಈ ರೇಟು ಬಂದ್ರೆ ಮೂಟೆ ಕೊಟ್ಟುಬಿಡ್ತೀನಿ" ಅಂದವರೇ, ಆ ರೇಟು ಬಂದ ದಿನ "ಇನ್ನೊಂದು ಸಾವಿರ ಏರಲಿ ತಡಿ" ಅಂತಾರೆ, ಅಲ್ವಾ?

ಹಾಗಾಗಿ ಒಂದೇ ನಿಯಮವನ್ನು ಮೂರು ರೀತಿಯಲ್ಲಿ ನಡೆಸಿ ನೋಡಿದೆ.

ಮೊಬೈಲ್ ಅಲರ್ಟ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಬೆಲೆ ಸರಾಸರಿಯನ್ನು ಮುಟ್ಟಿದ ತಕ್ಷಣ ಫೋನ್ ಕೂಗುತ್ತದೆ. ಆದರೆ ನಿಯಮಕ್ಕೆ ಬೇಕಿರುವುದು ಶುಕ್ರವಾರ ಮಧ್ಯಾಹ್ನ ಮೂರೂವರೆಯ ಬೆಲೆ, ಮಂಗಳವಾರ ಹನ್ನೊಂದು ಗಂಟೆಯದಲ್ಲ. ಸುಮ್ನೆ ಎದೆ ಬಡಿತ ಏರಿಸುವ ಸಾಧನ ಇದು.

ಜಿಟಿಟಿ (ಗುಡ್ ಟಿಲ್ ಟ್ರಿಗರ್ಡ್, ಅಂದರೆ ನಾವು ಹೇಳಿಟ್ಟ ಬೆಲೆ ಮುಟ್ಟಿದಾಗ ತಾನೇ ಹೋಗುವ ಆರ್ಡರ್) ಮಾತ್ರ ಗಂಭೀರವಾಗಿ ನೋಡಬೇಕಾದದ್ದು. ಟ್ರಿಗರ್ ಬೆಲೆ ಹಾಕಿಟ್ಟರೆ ಸಾಮಾನ್ಯವಾಗಿ ಒಂದು ವರ್ಷ ಕಾಯುತ್ತದೆ. ಜುಲೈ ಮಳೆಯಲ್ಲಿ ಆಲ್ದೂರು ಕಡೆ ಕರೆಂಟ್, ನೆಟ್‌ವರ್ಕ್ ಎರಡೂ ಹೋದರೂ ಅದು ತನ್ನ ಪಾಡಿಗೆ ಕೆಲಸ ಮಾಡುತ್ತದೆ. ಮಲೆನಾಡಿನವರಿಗೆ ಇದು ಸಣ್ಣ ವಿಷಯವಲ್ಲ. ಆದರೆ ತೊಡಕುಗಳಿವೆ. ಬ್ರೋಕರ್‌ಗೆ ಡಿಡಿಪಿಐ (ಮಾರಿದ ಷೇರನ್ನು ನಿಮ್ಮ ಡಿಮ್ಯಾಟ್ ಖಾತೆಯಿಂದ ತೆಗೆಯಲು ಮೊದಲೇ ಬರೆದುಕೊಡುವ ಅನುಮತಿ) ಕೊಟ್ಟಿರದಿದ್ದರೆ, ಮಾರುವ ದಿನ ನೀವೇ ಟಿಪಿನ್ (ಆ ಖಾತೆಯ ಗುಪ್ತ ಸಂಖ್ಯೆ) ಹಾಕಿ ಒಪ್ಪಿಗೆ ಕೊಡಬೇಕು. ಷೇರು ಒಂದೇ ಸಲ ನಿಮ್ಮ ಲಿಮಿಟ್ ಬೆಲೆಗಿಂತ (ಇದಕ್ಕಿಂತ ಕಡಿಮೆಗೆ ಮಾರುವುದಿಲ್ಲ ಅಂತ ಇಟ್ಟ ಬೆಲೆ) ಕೆಳಗೆ ತೆರೆದುಕೊಂಡರೆ ಟ್ರಿಗರ್ ಆಗಿಯೂ ಮಾರಾಟವಾಗುವುದಿಲ್ಲ. ಸರಾಸರಿ ವಾರವಾರ ಬದಲಾಗುವುದರಿಂದ ಟ್ರಿಗರನ್ನೂ ತಿದ್ದುತ್ತಿರಬೇಕು.

ಎಲ್ಲಕ್ಕಿಂತ ದೊಡ್ಡ ತೊಡಕು ಕಂಡದ್ದು ಲೋಕಸಭಾ ಫಲಿತಾಂಶದ ದಿನ. 2024ರ ಜೂನ್ 4ರಂದು ನಿಫ್ಟಿ ಸುಮಾರು 6% ಬಿದ್ದು 21,884ಕ್ಕೆ ಮುಗಿಯಿತು. ಅದೇ ಶುಕ್ರವಾರ, ಜೂನ್ 7ಕ್ಕೆ, 23,290. ಅಂದರೆ ಕುಸಿತಕ್ಕೆ ಮೊದಲಿನ ದಿನಕ್ಕಿಂತಲೂ ಮೇಲೆ! ಬೆಲೆಗೆ ಹತ್ತಿರದಲ್ಲಿ ಜಿಟಿಟಿ ಇಟ್ಟವರ ಷೇರು ಮಂಗಳವಾರವೇ ಕೈಬಿಟ್ಟು ಹೋಗುವಂಥ ವಾರ ಅದು. ವಾರಕ್ಕೊಮ್ಮೆ ನೋಡುವವರಿಗೆ ಆ ಕುಸಿತ ಲೆಕ್ಕಕ್ಕೇ ಬರಲಿಲ್ಲ.

ಅದಕ್ಕೇ ನನ್ನ ಓಟು ನೋಟ್‌ಬುಕ್‌ಗೆ. ಶನಿವಾರ ಕೂತು ಪ್ರತಿ ಷೇರಿನ ಬೆಲೆ, ಸರಾಸರಿ, ಏನು ಮಾಡಬೇಕು ಅಂತ ಬರೆಯುವುದು. ಆರ್ಡರನ್ನು ಸೋಮವಾರ ಒಂಬತ್ತೂಕಾಲಕ್ಕೆ ಮೊದಲೇ ಹಾಕಿ ಮುಗಿಸುವುದು. ಬೆಲೆ ಕುಣಿಯುತ್ತಿರುವಾಗ ನಿರ್ಧಾರ ಮಾಡುವ ಪ್ರಮೇಯವೇ ಬರುವುದಿಲ್ಲ. ಶನಿವಾರ ತೋಟದಲ್ಲಿ ಬಟವಾಡೆ ಇದ್ದರೆ ಭಾನುವಾರ ಬೆಳಗ್ಗೆ ಮಾಡಿ, ಏನೂ ವ್ಯತ್ಯಾಸವಿಲ್ಲ.

ಇದಕ್ಕೂ ಬೆಲೆ ಕೊಡಬೇಕು. ಮಂಗಳವಾರ ಬಿದ್ದ ಷೇರು ಪ್ರತಿ ಸಲವೂ ಶುಕ್ರವಾರಕ್ಕೆ ಏಳುವುದಿಲ್ಲ. ಸೋಮವಾರ ಇನ್ನೂ ಕೆಳಗೆ ತೆರೆಯಬಹುದು. ಅದಕ್ಕಾಗಿ ಕೊಂಡ ಬೆಲೆಗಿಂತ 20% ಕೆಳಗೆ ಒಂದು ಜಿಟಿಟಿ ಇಟ್ಟಿದ್ದೇನೆ. ಅದು ಅನಾಹುತಕ್ಕೆ ಮಾತ್ರ. ಬೋನಸ್, ಸ್ಪ್ಲಿಟ್ ಆಗಿ ಸಂಖ್ಯೆ ಹೆಚ್ಚಿ ಬೆಲೆ ಇಳಿದ ಷೇರಿನಲ್ಲಿ ಹಳೇ ಟ್ರಿಗರ್ ಉಪಯೋಗಕ್ಕೆ ಬಾರದು, ಹೊಸದಾಗಿ ಹಾಕಬೇಕು.

ಕೊಯ್ಲಿನ ತಿಂಗಳುಗಳಲ್ಲಿ ವಾರಕ್ಕೆ ಒಂದು ಗಂಟೆಯೂ ಸಿಗದವರು ಈ ಮೂರನ್ನೂ ಬಿಟ್ಟು ನಿಫ್ಟಿ 200 ಮೊಮೆಂಟಮ್ 30 ಇಂಡೆಕ್ಸ್ ಫಂಡ್ (ಆ 200ರಲ್ಲಿ ಜೋರಾಗಿ ಏರುತ್ತಿರುವ 30 ಷೇರುಗಳ ಸೂಚ್ಯಂಕವನ್ನು ಹಿಂಬಾಲಿಸುವ ಫಂಡ್) ನೋಡಬಹುದು. ಅದರಲ್ಲಿ ಇಂಡೆಕ್ಸಿನ ನಿಯಮವೇ ಜೂನ್, ಡಿಸೆಂಬರಿನಲ್ಲಿ ಷೇರು ಬದಲಿಸುತ್ತದೆ. ಫಂಡ್ ಒಳಗಿನ ಮಾರಾಟಕ್ಕೆ ನಿಮಗೆ ತೆರಿಗೆ ಇಲ್ಲ. ನಾವೇ ವರ್ಷದೊಳಗೆ ಲಾಭಕ್ಕೆ ಮಾರಿದರೆ, 2024ರ ಜುಲೈ 23ರಿಂದ 20% ಕಟ್ಟಬೇಕು. ಆದರೆ ಆ ಫಂಡ್ ಷೇರು ಮಾರಿ ನಗದಿಗೆ ಸರಿಯುವುದಿಲ್ಲ. ಮಾರುಕಟ್ಟೆ ಬಿದ್ದರೆ ಪೂರ್ತಿ ಜೊತೆಗೇ ಬೀಳುತ್ತದೆ. ಆಗ ರಿಡೀಮ್ ಬಟನ್ ಒತ್ತದೆ ಇರುವ ಕೆಲಸ ನಿಮ್ಮದೇ, ಅದಕ್ಕೆ ಯಾವ ಆರ್ಡರೂ ಸಹಾಯಕ್ಕೆ ಬರುವುದಿಲ್ಲ.