ಮೂರು ಟೂತ್‌ಪೇಸ್ಟುಗಳು, ಮೂರು ತಿಂಗಳು

ಉಡುಪಿಯ ರಥಬೀದಿಯ ಸಮೀಪದ ಅಂಗಡಿಯೊಂದರಿಂದ ತಂದ ಮೂರು ಬಗೆಯ ಟೂತ್‌ಪೇಸ್ಟುಗಳನ್ನು ನಮ್ಮ ಮನೆಯಲ್ಲಿ ಮೂರು ತಿಂಗಳು ಬಳಸಿ ನೋಡಿದೆವು: ಒಂದು ಸಾಧಾರಣ ಬಿಳಿ ಪೇಸ್ಟ್, ಇನ್ನೊಂದು ಲವಂಗ ಮತ್ತು ಬೇವಿನದು, ಮತ್ತೊಂದು ಇದ್ದಿಲಿನ ಕಪ್ಪು ಪೇಸ್ಟ್. ಕಂಪೆನಿಗಳ ಹೆಸರು ಬರೆಯುವುದಿಲ್ಲ. ಒಂದೇ ಹೆಸರಿನಡಿ ಹತ್ತು ಬಗೆ ಮಾರಾಟವಾಗುವ ಈ ಕಾಲದಲ್ಲಿ ಟ್ಯೂಬಿನ ಹಿಂಬದಿಯ ಸಣ್ಣ ಅಕ್ಷರಗಳೇ ಹೆಚ್ಚು ಹೇಳುತ್ತವೆ.

ಬಿಳಿ ಪೇಸ್ಟಿನಲ್ಲಿ ಫ್ಲೋರೈಡ್ 1000 ಪಿಪಿಎಂ, ಅಂದರೆ ಗ್ರಾಂಗೆ 1 ಮಿಲಿಗ್ರಾಂ ಇದೆ. ನಮ್ಮ ದೇಶದಲ್ಲಿ ಟೂತ್‌ಪೇಸ್ಟಿಗೆ ವಿಧಿಸಿರುವ ಗರಿಷ್ಠ ಮಿತಿಯೂ ಅದೇ. ಹಲ್ಲುಜ್ಜಲು ಇದರಲ್ಲಿ ಬಳಸಿರುವುದು ಸೀಮೆಸುಣ್ಣದ ಜಾತಿಯ ಕ್ಯಾಲ್ಸಿಯಂ ಕಾರ್ಬೊನೇಟ್. ಅದರೊಡನೆ ಸೋಡಿಯಂ ಫ್ಲೋರೈಡ್ ಬೆರೆಸಿದರೆ ಎರಡೂ ಕೂಡಿಕೊಂಡು ಫ್ಲೋರೈಡ್ ನಿಷ್ಪ್ರಯೋಜಕವಾಗುವುದರಿಂದ ಇಲ್ಲಿ ಸೋಡಿಯಂ ಮಾನೋಫ್ಲೋರೋಫಾಸ್ಫೇಟ್ ಹಾಕಿದ್ದಾರೆ. ಫ್ಲೋರೈಡ್ ಎಂದೊಡನೆ ಕೋಲಾರ, ಪಾವಗಡದ ಕಡೆಯ ಕೊಳವೆಬಾವಿಗಳೂ ಕಂದುಗಟ್ಟಿದ ಹಲ್ಲುಗಳೂ ನೆನಪಾಗುವುದು ಸಹಜ. ಆದರೆ ಅಲ್ಲಿನ ಕಷ್ಟ ವರ್ಷಗಟ್ಟಲೆ ಕುಡಿದ ನೀರಿನಿಂದ ಬಂದದ್ದು. ಕರಾವಳಿಯ ಬಾವಿ ನೀರಿನಲ್ಲಿ ಫ್ಲೋರೈಡ್ ಸಾಮಾನ್ಯವಾಗಿ ಕಡಿಮೆ, ಪೇಸ್ಟನ್ನಂತೂ ನಾವು ಉಗುಳುತ್ತೇವೆ. ಉಗುಳಲು ಬಾರದ ಮಕ್ಕಳ ವಿಷಯದಲ್ಲಿ ಮಾತ್ರ ಎಚ್ಚರ ಬೇಕು: ಮೂರು ವರ್ಷದೊಳಗೆ ಅಕ್ಕಿಕಾಳಿನಷ್ಟು, ಆರರವರೆಗೆ ಬಟಾಣಿಯಷ್ಟು ಸಾಕು. ಜಾಹೀರಾತಿನಲ್ಲಿ ಬ್ರಶ್ಶಿನ ಉದ್ದಕ್ಕೂ ಅಲೆಅಲೆಯಾಗಿ ಹಾಕುವುದು ಟ್ಯೂಬ್ ಬೇಗ ಖಾಲಿಯಾಗಲಿ ಎಂದಷ್ಟೇ.

ಲವಂಗದ ಪೇಸ್ಟಿನ ಪರಿಮಳ ಸೊಗಸಾಗಿದ್ದರೂ ಹಿಂಬದಿಯಲ್ಲಿ ಫ್ಲೋರೈಡಿನ ಹೆಸರಿರಲಿಲ್ಲ. ಹುಳುಕು ತಡೆಯುವ ದೃಷ್ಟಿಯಿಂದ ಇದು ದೊಡ್ಡ ಕೊರತೆ. ಲವಂಗದ ಯೂಜೆನಾಲ್ ನೋವನ್ನು ತುಸು ಮರೆಸುವುದರಿಂದ ಒಳಗಿನ ಹುಳುಕು ಗಮನಕ್ಕೆ ಬಾರದೆ ಬೆಳೆಯುವ ಅಪಾಯವೂ ಉಂಟು. ಗಿಡಮೂಲಿಕೆಯದೆಂಬ ಹೆಗ್ಗಳಿಕೆಯ ನಡುವೆಯೇ ನೊರೆಗಾಗಿ ಸೋಡಿಯಂ ಲಾರಿಲ್ ಸಲ್ಫೇಟ್ ಕೂಡ ಇತ್ತು. ಕೆಲವರಿಗೆ ಇದು ಬಾಯಿಹುಣ್ಣು ತರಿಸುತ್ತದೆ. ನನಗೂ ಮೇಲಿಂದ ಮೇಲೆ ಹುಣ್ಣಾಗುತ್ತಿತ್ತು, ಪೇಸ್ಟ್ ಬದಲಿಸಿದ ಮೇಲೆ ಕಡಿಮೆಯಾಗಿದೆ. ಹಲ್ಲುಜ್ಜಿದ ಬೆನ್ನಿಗೇ ಮೂಸಂಬಿ ರಸ ಕಹಿಯೆನಿಸುವುದಕ್ಕೂ ಇದೇ ಕಾರಣ.

ಕಪ್ಪು ಪೇಸ್ಟಿನ ಮೋಹಕ್ಕೆ ಅಜ್ಜಿ ಹಲ್ಲುಜ್ಜುತ್ತಿದ್ದ ಉಮಿಕರಿಯ, ಅಂದರೆ ಸುಟ್ಟ ಭತ್ತದ ಹೊಟ್ಟಿನ ಪುಡಿಯ, ನೆನಪು ಕಾರಣವಿರಬೇಕು. ಇದ್ದಿಲು ಕಲೆಯನ್ನು ಉಜ್ಜಿ ತೆಗೆಯುತ್ತದೆ, ನಿಜ. ಆದರೆ ಹೆಚ್ಚು ತರಿಯಾಗಿದ್ದರೆ ಮತ್ತೆ ಬೆಳೆಯದ ಹೊರಕವಚವನ್ನೂ ಸವೆಸುತ್ತದೆ. ಕವಚ ತೆಳುವಾದಂತೆ ಒಳಗಿನ ಹಳದಿ ಪದರ ಇಣುಕುವುದರಿಂದ, ಬಿಳುಪಿನ ಆಸೆಗೆ ಉಜ್ಜಿದ ಹಲ್ಲು ಕಡೆಗೆ ಇನ್ನಷ್ಟು ಹಳದಿಯಾಗಿ ಕಾಣಬಹುದು. ಎರಡನೆಯ ತಿಂಗಳಲ್ಲಿ ಗಡ್‌ಬಡ್ ಐಸ್‌ಕ್ರೀಮಿನ ಮೊದಲ ಚಮಚಕ್ಕೇ ನನ್ನ ಹಲ್ಲು ಚುಳ್ಳೆಂದಿತು. ಈಗ ಪೊಟ್ಯಾಸಿಯಂ ನೈಟ್ರೇಟ್ ಇರುವ ಪೇಸ್ಟ್ ಬಳಸುತ್ತಿದ್ದೇನೆ. ಅದು ನರವನ್ನು ಶಾಂತಗೊಳಿಸುತ್ತದೆಯೇ ಹೊರತು ಸವೆದದ್ದನ್ನು ತುಂಬಿಕೊಡುವುದಿಲ್ಲ. ಗುಣ ಕಾಣಲು ಎರಡು ವಾರವಾದರೂ ಬೇಕು.

ಅರ್ಧ ಉಳಿದ ಕಪ್ಪು ಟ್ಯೂಬಿನಿಂದ ಬೆಳ್ಳಿಯ ಕುಂಕುಮ ಬಟ್ಟಲು ಚೆನ್ನಾಗಿ ಬೆಳಗುತ್ತಿದೆ.