ಸ್ಕೆಚ್‌ಅಪ್ ಕಲಿಯಲೋ, ರೆವಿಟ್ ಕಲಿಯಲೋ?

ವಿಡಿಯೊ ನೋಡಿ ಕಟ್ಟಡ ವಿನ್ಯಾಸ ಕಲಿಯುವವರು ಮೊದಲು ಕೇಳುವುದೇ ಇದನ್ನು. ಎರಡೂ ಕಂಪ್ಯೂಟರ್‌ನಲ್ಲಿ ಕಟ್ಟಡದ 3ಡಿ ಮಾದರಿ ಮಾಡುವ ಸಾಫ್ಟ್‌ವೇರ್‌ಗಳು.

ಖರ್ಚು ನೋಡಿದರೆ, ಸ್ಕೆಚ್‌ಅಪ್‌ಗೆ ಬ್ರೌಸರ್‌ನಲ್ಲೇ ಓಡುವ ಉಚಿತ ಆವೃತ್ತಿ ಇದೆ. ಆದರೆ ಅದರಲ್ಲಿ ಎಕ್ಸ್‌ಟೆನ್ಶನ್ (ಹೆಚ್ಚುವರಿ ಸೌಲಭ್ಯ ಕೊಡುವ ಪುಟ್ಟ ಪ್ರೋಗ್ರಾಂ) ಹಾಕಲು ಬರುವುದಿಲ್ಲ. ವಿಡಿಯೊದವರು ಎಕ್ಸ್‌ಟೆನ್ಶನ್ ಬಳಸಿದರೆ ನೀವು ಅಲ್ಲೇ ನಿಂತುಬಿಡುತ್ತೀರಿ. ರೆವಿಟ್ ದುಬಾರಿ, ಅರ್ಹ ವಿದ್ಯಾರ್ಥಿಗಳಿಗೆ, ಶಿಕ್ಷಕರಿಗೆ ಮಾತ್ರ ಉಚಿತ. ಓಡುವುದೂ ವಿಂಡೋಸ್‌ನಲ್ಲಷ್ಟೇ.

ಕಲಿಕೆಯಲ್ಲಿ ವ್ಯತ್ಯಾಸ ಜಾಸ್ತಿ. ಸ್ಕೆಚ್‌ಅಪ್‌ನಲ್ಲಿ ಚೌಕ ಎಳೆದು, ಪುಶ್-ಪುಲ್ ಎಂಬ ಉಪಕರಣದಿಂದ ಎತ್ತಿದರೆ ಗೋಡೆ ರೆಡಿ. ಬಿಡಿಬಿಡಿ ವಿಡಿಯೊ ನೋಡಿದರೂ ನಡೆಯುತ್ತದೆ. ರೆವಿಟ್ ಹಾಗಲ್ಲ. ಪ್ಲಾನ್‌ನಲ್ಲಿ ಕಿಟಕಿ ಸರಿಸಿದರೆ ಎಲಿವೇಶನ್ (ಹೊರಗಿನ ನೋಟ), ಸೆಕ್ಷನ್ (ಕಟ್ಟಡ ಸೀಳಿದಂತೆ ತೋರಿಸುವ ನೋಟ) ಎಲ್ಲವೂ ತಾನಾಗಿಯೇ ಬದಲಾಗುತ್ತವೆ. ಅದೇ ಅದರ ಬಲ, ಅದೇ ತಲೆನೋವು ಕೂಡ! ಲೆವೆಲ್ (ಮಹಡಿಯ ಎತ್ತರ), ಫ್ಯಾಮಿಲಿ (ಬಾಗಿಲು, ಕಿಟಕಿಯಂಥ ಘಟಕಗಳ ಗುಂಪು) ಅಂದರೇನು ಎಂದು ತಿಳಿಯದೆ ನಡುವಿನ ವಿಡಿಯೊ ನೋಡಿದರೆ ಸುಮ್ನೆ ಗೊಂದಲ. ಒಬ್ಬರದೇ ಸರಣಿಯನ್ನು ಮೊದಲಿನಿಂದ ಹಿಡಿಯಿರಿ.

ಇನ್ನೊಂದು ಮಾತು. ರೆವಿಟ್‌ನ ಹೊಸ ಆವೃತ್ತಿಯ ಫೈಲ್ ಹಳೆಯದರಲ್ಲಿ ತೆರೆಯುವುದೇ ಇಲ್ಲ. ಅಭ್ಯಾಸದ ಫೈಲ್ ಇಳಿಸುವ ಮೊದಲು ಅದು ಯಾವ ವರ್ಷದ ಆವೃತ್ತಿಯದು ಎಂದು ನೋಡಿಕೊಳ್ಳಿ.

ಸ್ವಂತ ಮನೆಯ ರೂಪ ನೋಡಬೇಕೇ, ಒಳಾಂಗಣಕ್ಕೆ ಬೇಗ ಒಂದು ಮಾದರಿ ಬೇಕೇ? ಸ್ಕೆಚ್‌ಅಪ್ ಸಾಕು. ಕಚೇರಿ ಕೆಲಸ, ದೊಡ್ಡ ತಂಡ, ಕಟ್ಟುವವರಿಗೆ ಕೊಡುವ ವಿವರವಾದ ನಕ್ಷೆಗಳು ಗುರಿಯಾಗಿದ್ದರೆ ಕೆಲವು ತಿಂಗಳು ರೆವಿಟ್‌ಗೇ ಕೊಡಿ.