ವಿಕ್ಕನ್ ಕ್ಯಾಲೆಂಡರಿನ ಪಕ್ಕದಲ್ಲಿ ಊರಿನ ಎರಡು ಕ್ಯಾಲೆಂಡರ್‌ಗಳು: ಒಂದು ವರ್ಷದ ಹೋಲಿಕೆ

ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ನಮ್ಮ ಮನೆಯ ಚಾವಡಿಯಲ್ಲಿ ಕಳೆದ ವರ್ಷವಿಡೀ ಮೂರು ಗೋಡೆ ಕ್ಯಾಲೆಂಡರ್‌ಗಳನ್ನು ಪಕ್ಕಪಕ್ಕದಲ್ಲಿ ತೂಗುಹಾಕಿ ಬಳಸಿದೆ. ಒಂದು ಅಮೆರಿಕದಲ್ಲಿ ಅಚ್ಚಾದ ಸಚಿತ್ರ ವಿಕ್ಕನ್ ಕ್ಯಾಲೆಂಡರ್. ಇನ್ನೊಂದು ಮಂಗಳೂರಿನಿಂದ ಬರುವ, ತುಳು ತಿಂಗಳುಗಳನ್ನೂ ತೋರಿಸುವ ಕನ್ನಡ ಕ್ಯಾಲೆಂಡರ್. ಮತ್ತೊಂದು ಈ ಜಿಲ್ಲೆಯ ಹೆಚ್ಚಿನ ಮನೆಗಳಲ್ಲಿ ಕಾಣಸಿಗುವಂತಹ, ಮಲಯಾಳ ಪತ್ರಿಕೆಯೊಂದರ ಕ್ಯಾಲೆಂಡರ್.

ವಿಕ್ಕಾ ಹೊಸ ಮತ. ಇಂಗ್ಲೆಂಡಿನಲ್ಲಿ ಮಾಟದ ವಿರುದ್ಧವಿದ್ದ 1735ರ ಕಾನೂನು 1951ರಲ್ಲಿ ರದ್ದಾದ ಬಳಿಕ ಜೆರಾಲ್ಡ್ ಗಾರ್ಡ್ನರ್ ಎಂಬವರು ಅದನ್ನು ಬಹಿರಂಗವಾಗಿ ಪ್ರಚಾರಕ್ಕೆ ತಂದರು. ಅದರ ವರ್ಷಚಕ್ರದಲ್ಲಿ ಎಂಟು ಹಬ್ಬಗಳಿವೆ. ಯೂಲ್, ಒಸ್ಟಾರಾ, ಲಿಥಾ, ಮೇಬನ್ ಎಂಬ ನಾಲ್ಕು ಹಬ್ಬಗಳು ಸೂರ್ಯನ ಅಯನ ಹಾಗೂ ವಿಷುವ ದಿನಗಳಿಗೆ ಸೇರಿದರೆ, ಇಂಬೋಲ್ಕ್, ಬೆಲ್ಟೇನ್, ಲೂನಸಾ, ಸಾವಿನ್ ಎಂಬ ಉಳಿದ ನಾಲ್ಕು ಅವುಗಳ ನಡುವೆ ಬರುತ್ತವೆ. ಇವಲ್ಲದೆ ಪ್ರತಿ ಹುಣ್ಣಿಮೆಗೂ ಆಚರಣೆಯಿದೆ. ಈ ಮತದ ಅನುಯಾಯಿಯಾಗಿ ನಾನು ಕ್ಯಾಲೆಂಡರ್ ತರಿಸಿದವನಲ್ಲ. ಋತುಗಳನ್ನು ಚಿತ್ರದಲ್ಲಿ ಹೇಗೆ ಹಿಡಿದಿದ್ದಾರೆ ಎಂಬ ಕುತೂಹಲವಷ್ಟೇ ನನಗಿತ್ತು.

ಚಿತ್ರದ ಮಟ್ಟಿಗೆ ಊರಿನ ಎರಡೂ ಅದರ ಹತ್ತಿರಕ್ಕೆ ಬರುವುದಿಲ್ಲ. ಕನ್ನಡ ಕ್ಯಾಲೆಂಡರಿನ ಮೇಲರ್ಧದಲ್ಲಿ ಒಬ್ಬ ದೇವರು, ಕೆಳಗೆ ಒಂದು ಚಿನ್ನದಂಗಡಿ. ಜುಲೈಯ ಚಿತ್ರವನ್ನು ಜನವರಿಗೆ ಹಾಕಿದರೂ ಯಾರಿಗೂ ತಿಳಿಯದು. ವಿಕ್ಕನ್ ಕ್ಯಾಲೆಂಡರಿನಲ್ಲಿ ಹಾಗೆ ಅದಲುಬದಲು ಮಾಡಲಾಗದು. ಸೆಪ್ಟೆಂಬರಿನ ಪುಟದಲ್ಲಿ ಅಡ್ಡಲಾಗಿ ಕೊಯ್ದ ಸೇಬಿನ ಹಣ್ಣೊಂದಿದೆ. ಅದರ ಬೀಜದ ಗೂಡುಗಳು ಐದು ಮೂಲೆಯ ನಕ್ಷತ್ರವಾಗಿ ಕಾಣುತ್ತವೆ. ಆ ನಕ್ಷತ್ರವೇ ಅವರ ಮತದ ಚಿಹ್ನೆ, ಸೇಬು ಆ ತಿಂಗಳಿನ ಫಸಲು. ಹಬ್ಬವನ್ನೂ ಬೆಳೆಯನ್ನೂ ಒಂದೇ ಗೆರೆಯಲ್ಲಿ ಸೇರಿಸಿದ ಆ ಚಿತ್ರಕಾರರ ಕೈಚಳಕಕ್ಕೆ ಸಮನಾದದ್ದು ನಮ್ಮ ಕ್ಯಾಲೆಂಡರ್‌ಗಳಲ್ಲಿ ಇಲ್ಲವೆಂಬುದು ನನಗೆ ಸ್ವಲ್ಪ ನಾಚಿಕೆಯ ವಿಷಯವೇ ಆಗಿದೆ.

ಆದರೆ ಆ ಋತುಗಳು ಬೇರೆ ಅಕ್ಷಾಂಶದವು. ಲಂಡನಿನಲ್ಲಿ ಅತಿ ದೀರ್ಘವಾದ ಹಗಲಿಗೂ ಅತಿ ಚಿಕ್ಕ ಹಗಲಿಗೂ ಸುಮಾರು 9 ಗಂಟೆಗಳ ಅಂತರವಿದ್ದರೆ ಕಾಸರಗೋಡಿನಲ್ಲಿ ಇರುವುದು ಸುಮಾರು ಒಂದೂವರೆ ಗಂಟೆ. ಯೂಲಿನಂದು ಬೆಳಕು ಮರಳಿ ಬಂತೆಂದು ದೀಪ ಹಚ್ಚುವ ಚಿತ್ರದ ಮುಂದೆ ನಾವು ಅಂಗಳದಲ್ಲಿ ಅಡಿಕೆ ಒಣಗಿಸುತ್ತ, ಬಿಸಿಲಿಗೆ ತಲೆಗೆ ಬೈರಾಸು ಸುತ್ತಿಕೊಂಡಿರುತ್ತೇವೆ. ಜೂನ್ 21ರ ಸುಮಾರಿಗೆ ಬರುವ ಲಿಥಾದ ಪುಟದಲ್ಲಿ ಸೂರ್ಯನು ನೆತ್ತಿಯ ಮೇಲೆ ಉರಿಯುತ್ತಾನೆ. ನಮ್ಮಲ್ಲಿ ಅವನು ನಡುಹಗಲಿಗೆ ನೆತ್ತಿಯನ್ನು ದಾಟಿ ಉತ್ತರಕ್ಕೆ ವಾಲಿರುತ್ತಾನೆ, ಅದೂ ಮೋಡದ ಮರೆಯಲ್ಲಿ. ಇಲ್ಲಿ ಸೂರ್ಯ ನಿಜವಾಗಿ ನೆತ್ತಿಗೆ ಬರುವುದು ಏಪ್ರಿಲಿನ ಕೊನೆಯ ವಾರದ ಸುಮಾರಿಗೆ ಒಮ್ಮೆ, ಆಗಸ್ಟಿನ ಮೂರನೆಯ ವಾರದ ಸುಮಾರಿಗೆ ಇನ್ನೊಮ್ಮೆ. ಆಗಸ್ಟ್ 1ರ ಲೂನಸಾಕ್ಕೆ ಹೊಸ ಗೋಧಿಯ ರೊಟ್ಟಿಯ ಚಿತ್ರವಿದೆ; ನಮಗೆ ಆಗ ಆಟಿ ತಿಂಗಳು, ಹಿಂದಿನ ಕಾಲದಲ್ಲಿ ಪತ್ತಾಯ (ಭತ್ತದ ಕಣಜ) ಬರಿದಾಗಿ ಕೆಸುವಿನ ಎಲೆಯಲ್ಲಿಯೂ ತಗಟೆ ಸೊಪ್ಪಿನಲ್ಲಿಯೂ ದಿನ ದೂಡುತ್ತಿದ್ದ ಹೊತ್ತು.

ಇಷ್ಟಾದರೂ ಅವರ ಚಕ್ರದ ಮತ್ತು ನಮ್ಮ ತುಳು ತಿಂಗಳುಗಳ ಕಟ್ಟಡ ಒಂದೇ ಎಂಬುದು ವರ್ಷ ಸಾಗಿದಂತೆ ನನಗೆ ಮನವರಿಕೆಯಾಯಿತು. ಚಾಂದ್ರಮಾನದ ಪಂಚಾಂಗಕ್ಕಿಂತ ತುಳುವರ ಸೌರ ತಿಂಗಳುಗಳೇ ವಿಕ್ಕನ್ ಚಕ್ರಕ್ಕೆ ಹತ್ತಿರ. ಒಸ್ಟಾರಾ ಬರುವುದು ಸೂರ್ಯನು ಅವರ ಲೆಕ್ಕದಲ್ಲಿ ಮೇಷಕ್ಕೆ ಬಂದಾಗ, ಮಾರ್ಚ್ 20ರ ಸುಮಾರಿಗೆ. ತುಳುವರ ಹೊಸ ವರ್ಷವಾದ ಬಿಸು ಬರುವುದು ನಮ್ಮ ಲೆಕ್ಕದ ಮೇಷ ಸಂಕ್ರಮಣದ ಹೊತ್ತಿಗೆ, ಏಪ್ರಿಲ್ ನಡುವಿನಲ್ಲಿ. ಅವರು ವಿಷುವ ಬಿಂದುವಿನಿಂದ ಅಳೆಯುತ್ತಾರೆ, ನಾವು ನಕ್ಷತ್ರಗಳಿಂದ ಅಳೆಯುತ್ತೇವೆ. ಈ ಎರಡು ಆರಂಭಬಿಂದುಗಳ ನಡುವಿನ ಅಂತರವೇ ಅಯನಾಂಶ, ಈಗ ಅದು ಸುಮಾರು 24 ಡಿಗ್ರಿ. ಯೂಲಿಗೂ ಮಕರ ಸಂಕ್ರಮಣಕ್ಕೂ ಇರುವ ಅಂತರವೂ ಇದೇ. ಇಂಬೋಲ್ಕಿನಲ್ಲಿ ಭೂಮಿ ಎಚ್ಚರಗೊಳ್ಳುತ್ತದೆಂದು ಅವರು ಫೆಬ್ರವರಿಯ ಆರಂಭದಲ್ಲಿ ಹೇಳಿದರೆ, ತುಳುನಾಡಿನಲ್ಲಿ ಅದೇ ಫೆಬ್ರವರಿಯ ಎರಡನೆಯ ವಾರದ ಹೊತ್ತಿಗೆ ಕೆಡ್ಡಸ ಬಂದು, ಭೂಮಿತಾಯಿ ಮುಟ್ಟಾಗಿದ್ದಾಳೆಂದು ಮಣ್ಣಿಗೆ ಹಾರೆ ಹಾಕುವುದನ್ನು ನಿಲ್ಲಿಸುತ್ತಾರೆ. ಸಾವಿನ್ ಸತ್ತವರು ಬದುಕಿರುವವರ ಹತ್ತಿರ ಬರುವ ರಾತ್ರಿ, ಅಕ್ಟೋಬರ್ 31. ಅದಕ್ಕೆ ಕೆಲವೇ ದಿನ ಮೊದಲು, ತುಲಾ ತಿಂಗಳ ಹತ್ತರಂದು, ಚಂದ್ರಗಿರಿ ಹೊಳೆಯ ತೆಂಕಣ ಕಡೆಯಲ್ಲಿ ತೆಯ್ಯಂ, ಅಂದರೆ ದೈವಗಳ ಹಾಗೂ ಸತ್ತ ವೀರರ ವೇಷ, ಕಟ್ಟುವ ಕಾಲ ಆರಂಭವಾಗುತ್ತದೆ.

ನವೆಂಬರ್ 1ರ ಚೌಕವನ್ನು ಮೂರರಲ್ಲಿಯೂ ನೋಡಬೇಕು. ವಿಕ್ಕನ್ ಕ್ಯಾಲೆಂಡರಿನಲ್ಲಿ ಅದು ಸಾವಿನ್ ಮುಗಿಯುವ ದಿನ. ಕನ್ನಡ ಕ್ಯಾಲೆಂಡರಿನಲ್ಲಿ ಕೆಂಪಕ್ಷರದ ರಾಜ್ಯೋತ್ಸವ. ಮಲಯಾಳದ್ದರಲ್ಲಿ ಕೇರಳ ಪಿರವಿ (ಕೇರಳ ರಾಜ್ಯ ಹುಟ್ಟಿದ ದಿನ), ಆದರೆ ರಜೆಯಿಲ್ಲದ ಕಪ್ಪಕ್ಷರದಲ್ಲಿ. 1956ರ ಆ ದಿನವೇ ಕಾಸರಗೋಡು ಕೇರಳಕ್ಕೆ ಸೇರಿದ್ದು. ಮಂಗಳೂರಿನ ಕ್ಯಾಲೆಂಡರನ್ನು ನಂಬಿ ಮಗುವನ್ನು ಶಾಲೆಗೆ ಕಳುಹಿಸದೆ ಉಳಿದರೆ ಹಾಜರಿ ತಪ್ಪುತ್ತದೆ. ರಜೆಯ ವಿಷಯದಲ್ಲಿ ಇಲ್ಲಿಯ ಕನ್ನಡಿಗರು ಮಲಯಾಳ ಕ್ಯಾಲೆಂಡರನ್ನೇ ಅವಲಂಬಿಸಬೇಕು, ಬೇರೆ ದಾರಿಯಿಲ್ಲ.

ಚಂದ್ರನ ವಿಷಯದಲ್ಲಿ ವಿಕ್ಕನ್ ಕ್ಯಾಲೆಂಡರನ್ನು ಬಳಸುವವರು ಎಚ್ಚರದಿಂದಿರಬೇಕು. ನನ್ನಲ್ಲಿರುವುದರಲ್ಲಿ ಹುಣ್ಣಿಮೆಯ ಗಳಿಗೆಯನ್ನು ಅಮೆರಿಕದ ಪೂರ್ವ ಕರಾವಳಿಯ ಸಮಯದಲ್ಲಿ ಕೊಟ್ಟಿದ್ದಾರೆ. ಚಳಿಗಾಲದಲ್ಲಿ ಅದಕ್ಕೆ ಹತ್ತೂವರೆ ಗಂಟೆ, ಅಲ್ಲಿ ಗಡಿಯಾರ ಮುಂದಿಡುವ ತಿಂಗಳುಗಳಲ್ಲಿ ಒಂಬತ್ತೂವರೆ ಗಂಟೆ ಕೂಡಿಸಿಕೊಳ್ಳಬೇಕು; ಹಾಗಾಗಿ ಚಳಿಗಾಲದಲ್ಲಿ ಅಲ್ಲಿಯ ಮಧ್ಯಾಹ್ನ 1:30ರ ಬಳಿಕ ತುಂಬುವ ಚಂದ್ರ ನಮಗೆ ಮರುದಿನದ ತಾರೀಕಿಗೆ ಸೇರುತ್ತಾನೆ. ಪ್ರತಿ ದಿನದ ಚೌಕದಲ್ಲಿ ಬರೆದಿರುವ ಚಂದ್ರರಾಶಿಯೂ ನಮ್ಮ ಪಂಚಾಂಗದ ರಾಶಿಯಲ್ಲ: ಅಯನಾಂಶದ ಕಾರಣದಿಂದ ಅಲ್ಲಿ ಚಂದ್ರನು ಮೇಷಕ್ಕೆ ಬಂದು ಹೆಚ್ಚುಕಡಿಮೆ ಎರಡು ದಿನ ಕಳೆದ ಮೇಲೆ ನಮ್ಮ ಮೇಷಕ್ಕೆ ಬರುತ್ತಾನೆ. ವಾರಗಳಿಗೆ ಗ್ರಹಗಳನ್ನು ಹೊಂದಿಸುವುದರಲ್ಲಿ ಮಾತ್ರ ಇಬ್ಬರಿಗೂ ಜಗಳವಿಲ್ಲ. ಅವರಿಗೂ ಮಂಗಳವಾರ ಮಂಗಳನದೇ.

ಬಾಳಿಕೆಯಲ್ಲಿ ತಗಡಿನ ಪಟ್ಟಿಯ ಊರಿನ ಕ್ಯಾಲೆಂಡರ್‌ಗಳು ಮುಂದು. ನಡುವೆ ಎರಡು ಪಿನ್ ಹೊಡೆದ ವಿಕ್ಕನ್ ಕ್ಯಾಲೆಂಡರಿನ ಪಿನ್ನುಗಳು ಜುಲೈಗೆ ತುಕ್ಕು ಹಿಡಿದು, ನುಣುಪು ಕಾಗದದ ಪುಟಗಳು ತೇವಕ್ಕೆ ಒಂದಕ್ಕೊಂದು ಅಂಟಿಕೊಂಡವು. ಅದರ ಮೇಲೆ ಬಾಲ್ ಪೆನ್ ಹಿಡಿಯುವುದೂ ಇಲ್ಲ. ಅಡಿಕೆಗೆ ಮದ್ದು ಬಿಟ್ಟ ದಿನ, ನಲುವತ್ತು ದಿನಗಳ ಮೇಲೆ ಎರಡನೆಯ ಸಲ ಬಿಡಬೇಕಾದ ದಿನ, ಹಾಲಿನ ಲೆಕ್ಕ, ಗ್ಯಾಸ್ ಬಂದ ತಾರೀಕು ಎಲ್ಲವೂ ಕನ್ನಡ ಕ್ಯಾಲೆಂಡರಿನ ಒರಟು ಕಾಗದದ ಮೇಲೆಯೇ ಸೇರಿದವು.

ಅಂಚೆ ವೆಚ್ಚ ಸೇರಿದಾಗ ವಿಕ್ಕನ್ ಕ್ಯಾಲೆಂಡರ್ ಅಗ್ಗದ್ದಲ್ಲ. ಚಿತ್ರಕ್ಕಾಗಿಯೇ ಬೇಕೆನ್ನುವವರು ವರ್ಷ ಕಳೆದ ಪ್ರತಿಯನ್ನು ಹುಡುಕಿ ಕೊಳ್ಳಬಹುದು, ಚಿತ್ರಗಳಿಗೆ ವಾಯಿದೆಯಿಲ್ಲ. ಹಬ್ಬಗಳ ಚಕ್ರವನ್ನು ಅನುಸರಿಸುವ ಆಸೆಯುಳ್ಳವರಿಗೆ ಒಂದು ಮಾತು: ಆಸ್ಟ್ರೇಲಿಯದ ವಿಕ್ಕನ್ನರಲ್ಲಿ ಅನೇಕರು ತಮ್ಮ ಋತುಗಳಿಗೆ ಸರಿಯಾಗಿ ಚಕ್ರವನ್ನೇ ಆರು ತಿಂಗಳು ತಿರುಗಿಸಿ, ಯೂಲನ್ನು ಜೂನಿನಲ್ಲಿ ಆಚರಿಸುತ್ತಾರೆ. ಅವರಿಗಿರುವ ಸ್ವಾತಂತ್ರ್ಯ ನಮಗೂ ಇರಬೇಕು. ಈ ವರ್ಷ ನಾನು ತುಳು ತಿಂಗಳುಗಳ ಕ್ಯಾಲೆಂಡರನ್ನೂ ರಜೆಗಾಗಿ ಮಲಯಾಳದ್ದನ್ನೂ ಮಾತ್ರ ಇಟ್ಟುಕೊಂಡು, ಮೊದಲನೆಯದರಲ್ಲಿ ಎರಡು ಅಯನ, ಎರಡು ವಿಷುವ, ಸೂರ್ಯ ನೆತ್ತಿಗೆ ಬರುವ ಎರಡು ದಿನಗಳು, ಹೀಗೆ ಆರು ಗುರುತುಗಳನ್ನು ಪೆನ್ಸಿಲಿನಲ್ಲಿ ಹಾಕಿಕೊಂಡಿದ್ದೇನೆ.